ಭೂತನಾಳದ ದಂಡೆಯಿಂದ ಗುಮ್ಮಟದ ನೆತ್ತಿಯವರೆಗೆ

ವಿಜಯಪುರಕ್ಕೆ ಬಂದವರೆಲ್ಲ ಗೋಳಗುಮ್ಮಟದ ಬುಡದಲ್ಲಿ ಸಾಲಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಫೋಟೋದಲ್ಲಿ ಗುಮ್ಮಟವೇನೋ ಛಲೋ ಕಾಣುತ್ತದೆ, ಮನುಷ್ಯರು ಮಾತ್ರ ಇರುವೆ ಸಾಲಿನಂತೆ. ಅದರಲ್ಲಿ ಮಾವ ಯಾರು, ಭಾವ ಯಾರು ಎಂದು ಗುರುತು ಹಿಡಿಯಬೇಕಾದರೆ ಭೂತಗನ್ನಡಿ ತರಬೇಕು. ಇನ್ನು ಊರಿನವರೇ ಆದ ನಮ್ಮಂಥ ಹೆಂಗಸರ ಸಂಗತಿ ಬೇರೆ. ಬೀಗರು ಬಂದಾಗ ಅವರನ್ನು ಮೇಲೆ ಹತ್ತಲು ಕಳಿಸಿ, ನಾವು ಕೆಳಗೆ ಹುಲ್ಲಿನ ಮೇಲೆ ಕೂತು ಚೀಲ, ನೀರಿನ ಬಾಟಲಿ ಕಾಯುವುದೇ ಹೆಚ್ಚು. ಹೀಗಾಗಿ ಓದುಗ ಭಗಿನಿಯರೇ, ನಮ್ಮೂರಿನಲ್ಲಿ ಎಲ್ಲಿ ನಿಂತರೆ ಕಣ್ಣು ತಣಿಯುತ್ತದೆ, ಯಾವ ಹೊತ್ತಿಗೆ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ ಎಂಬುದನ್ನು ನಾನು ತಿರುಗಾಡಿ ಕಂಡಷ್ಟು ಇಲ್ಲಿ ಬರೆದಿದ್ದೇನೆ. 2014ರ ನವೆಂಬರ್ 1ರಿಂದ ಬಿಜಾಪುರ ಹೋಗಿ ವಿಜಯಪುರವಾಯಿತು. ಹೆಸರು ಯಾವುದಿದ್ದರೇನು, ಬಿಸಿಲು ಅದೇ! ಏಪ್ರಿಲ್-ಮೇ ತಿಂಗಳಲ್ಲಿ ಇತ್ತ ಮುಖ ಹಾಕಬೇಡಿ. ಮಳೆ ಮುಗಿದ ಮೇಲೆ, ದಸರೆಯಿಂದ ಶಿವರಾತ್ರಿಯವರೆಗೆ ಹಿತವಾದ ಕಾಲ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಶಾಲೆಯ ಮಕ್ಕಳ ಬಸ್ಸುಗಳು ಬಂದವೋ, ಮುಗಿಯಿತು. ಒಳಗೆ ಪಿಸುಮಾತು ಕೇಳುವ ಮಾತೇ ಇಲ್ಲ, ಕೂಗಾಟವೇ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಷಾಹನ ಗೋರಿ ಇದು. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಗೋಪುರಗಳಿವೆ. ಅವುಗಳ ಒಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮಾಳಿಗೆ ಸಿಗುತ್ತದೆ. ಎಲ್ಲರೂ ಅಲ್ಲಿಂದ ಅವಸರವಾಗಿ ಪಿಸುಗುಟ್ಟುವ ಗ್ಯಾಲರಿಗೆ ನುಗ್ಗುತ್ತಾರೆ. ನೀವು ನುಗ್ಗಬೇಡಿ. ಮೊದಲು ಹೊರಗೆ ಮಾಳಿಗೆಯ ಮೇಲೆ ಒಂದು ಸುತ್ತು ಹಾಕಿ. ಬೆಳಗಿನ ಸೂರ್ಯ ಪೂರ್ವದಲ್ಲಿರುತ್ತಾನೆ, ಊರು ಪಶ್ಚಿಮಕ್ಕೆ ಹರಡಿದೆ. ಸೂರ್ಯನಿಗೆ ಬೆನ್ನು ಮಾಡಿ ನೋಡಿದರೆ ಮಸೀದಿಗಳ ಗುಮ್ಮಟ, ಬೇವಿನ ಮರ, ಮನೆಗಳ ಮೇಲೆ ಒಣಹಾಕಿದ ಅರಿವೆ ಎಲ್ಲವೂ ತೊಳೆದಿಟ್ಟಂತೆ ಕಾಣುತ್ತವೆ.

ಕೆಳಗಿಳಿದ ಮೇಲೆ ಗುಮ್ಮಟದ ಜೊತೆ ಫೋಟೋ ಬೇಕೆಂದರೆ ಗುಮ್ಮಟದ ಹತ್ತಿರ ನಿಲ್ಲಬಾರದು, ಫೋಟೋ ತೆಗೆಯುವವರ ಹತ್ತಿರ ನಿಲ್ಲಬೇಕು. ನೀವು ನಾಲ್ಕು ಹೆಜ್ಜೆ ದೂರದಲ್ಲಿ, ಗುಮ್ಮಟ ನಿಮ್ಮ ಹಿಂದೆ ದೂರದಲ್ಲಿ. ತೆಗೆಯುವವರು ಮೊಬೈಲನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದರೆ ಇಬ್ಬರೂ ಪೂರ್ತಿ ಬರುತ್ತೀರಿ.

ಬಾರಾಕಮಾನಿನ ಲೆಕ್ಕ ಬೇರೆ. ಎರಡನೇ ಅಲಿ ಆದಿಲ್‌ಷಾಹ ತನ್ನ ಗೋರಿಗೆಂದು ಎತ್ತಿಸಿದ ಕಟ್ಟಡ, 1672ರಲ್ಲಿ ಅವನು ಸತ್ತಾಗ ಅರ್ಧಕ್ಕೇ ನಿಂತುಹೋಯಿತು. ಮುಗಿದಿದ್ದರೆ ಇಷ್ಟು ಚೆಂದ ಇರುತ್ತಿತ್ತೋ ಇಲ್ಲವೋ ಎಂದು ನನಗೆ ಅನುಮಾನ. ಮೇಲೆ ಮಾಳಿಗೆಯಿಲ್ಲ, ಕರಿಕಲ್ಲಿನ ಕಮಾನುಗಳ ನಡುವೆ ಬರೀ ಆಕಾಶ. ಇಲ್ಲಿ ಕಂದು, ನೀಲಿ, ಕಪ್ಪು ಸೀರೆ ಉಟ್ಟು ಹೋದರೆ ಕಲ್ಲಿನಲ್ಲಿ ಕಲ್ಲಾಗಿಬಿಡುತ್ತೀರಿ. ಹಳದಿ ಅಥವಾ ಕೆಂಪು ಇಳಕಲ್ ಸೀರೆ ಇದ್ದರೆ ಅದನ್ನೇ ಉಡಿ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಕಣ್ಣ ಕೆಳಗೆ ನೆರಳು ಬಿದ್ದು ಎಲ್ಲರೂ ಜ್ವರದಿಂದ ಎದ್ದವರಂತೆ ಕಾಣುತ್ತಾರೆ. ನಾಲ್ಕರ ಮೇಲೆ ಹೋಗುವುದು ವಾಸಿ.

ಇಬ್ರಾಹಿಂ ರೋಜಾ 1627ರದು. ಒಂದೇ ಜಗಲಿಯ ಮೇಲೆ ಗೋರಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ಎದುರಾಬದುರು ನಿಂತಿವೆ. ಒಂದರ ಕಮಾನಿನಲ್ಲಿ ನಿಂತು ಇನ್ನೊಂದನ್ನು ನೋಡಿದರೆ ಕಟ್ಟುಹಾಕಿದ ಚಿತ್ರದಂತಿರುತ್ತದೆ. ಚಪ್ಪಲಿ ಬಿಡಬೇಕಾಗುತ್ತದೆ, ಕಲ್ಲು ಕಾಯ್ದಿರುತ್ತದೆ. ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ.

ಸಂಜೆಗೆ ಉಪ್ಪಲಿ ಬುರುಜು. 1584ರಲ್ಲಿ ಹೈದರಖಾನ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ. ಮೆಟ್ಟಿಲು ಒಳಗಿಲ್ಲ, ಹೊರಗಿನಿಂದಲೇ ಬುರುಜನ್ನು ಸುತ್ತುತ್ತಾ ಏರುತ್ತವೆ. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ಸಿಕ್ಕಿಸಿಕೊಳ್ಳಿ. ಮೇಲೆ ಎರಡು ಉದ್ದನೆಯ ತೋಪುಗಳಿವೆ. ಈ ಬುರುಜು ಊರಿನ ಪಶ್ಚಿಮಕ್ಕಿರುವುದರಿಂದ ಸಂಜೆಯ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಊರಿನ ಮೇಲೆ ಬೀಳುತ್ತದೆ, ದೂರದ ಗೋಳಗುಮ್ಮಟ ಬಣ್ಣ ತಿರುಗಿ ನಿಲ್ಲುತ್ತದೆ. ಬೆಳಿಗ್ಗೆ ಆ ಗುಮ್ಮಟದಿಂದ ಇತ್ತ, ಸಂಜೆ ಈ ಬುರುಜಿನಿಂದ ಅತ್ತ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಸೂರ್ಯ ಎಂದೂ ಕಣ್ಣಿಗೆ ಹೊಡೆಯುವುದಿಲ್ಲ. ಹತ್ತಿರದಲ್ಲೇ ಮಲಿಕ್-ಎ-ಮೈದಾನ್ ತೋಪು ಇದೆ. ಮಕ್ಕಳು ಅದರ ಸಿಂಹದ ಬಾಯಿ ನೋಡಿ ಕುಣಿಯುತ್ತಾರೆ, ನನಗೆ ಅಷ್ಟೇನೂ ರುಚಿಸಲಿಲ್ಲ.

ಇವೆಲ್ಲ ಹೆಸರಾದ ಜಾಗಗಳು. ಊರ ಹೊರಗೆ, ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲಿರುವ ಭೂತನಾಳ ಕೆರೆಯನ್ನು ಹೊರಗಿನವರು ಕೇಳಿರುವುದೇ ಕಡಿಮೆ. ನಮಗೆ ಮಾತ್ರ ಅದು ಕೊಡ ತುಂಬಿಸಿದ ಕೆರೆ. ಮೊದಲಿನಿಂದಲೂ ಈ ಊರಿನ ಚಿಂತೆ ಒಂದೇ, ನೀರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರೆಂದು ಇತಿಹಾಸ ಹೇಳುತ್ತದೆ. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಮೇಲೆತ್ತಿ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಾ ಬಂದಿದ್ದಾರೆ.

ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ಗುಮ್ಮಟ, ಬುರುಜು ಯಾವುದೂ ಅವರಿಗೆ ಆಗದು. ಭೂತನಾಳಕ್ಕಾದರೆ ಹತ್ತುವ ಕಷ್ಟವಿಲ್ಲ, ಬರ್ರಿ ಅಂದೆ. "ಕೆರಿ ನೋಡೂದ್ ಏನೈತ್ಯವಾ, ನೀರ ಹೊತ್ತ ಹೊತ್ತ ಸಾಕಾಗೇತಿ" ಅಂದರು. 1972ರ ಬರಗಾಲದಲ್ಲಿ ಅವರು ಹೊಸದಾಗಿ ಲಗ್ನವಾಗಿ ಬಂದವರು. ಕೈಗೆ ಹಚ್ಚಿದ ಅರಿಷಿಣ ಹೋಗುವ ಮೊದಲೇ ಬರಗಾಲದ ಕಾಮಗಾರಿಯಲ್ಲಿ ಜಲ್ಲಿಕಲ್ಲು ಒಡೆಯಲು ಹೋದರಂತೆ. ಒಲ್ಲೆ ಒಲ್ಲೆ ಅನ್ನುತ್ತಲೇ ಬಂದರು.

ಅಂದು ಕೆರೆ ತುಂಬಿತ್ತು. ಗಾಳಿಗೆ ಸಣ್ಣ ತೆರೆಗಳು ದಂಡೆಗೆ ಬಂದು ಬಡಿಯುತ್ತಿದ್ದವು. ಅತ್ತೆಯವರು ಸೆರಗು ತಲೆಮೇಲೆ ಎಳೆದುಕೊಂಡು ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ತಾವಾಗಿಯೇ ನನ್ನ ಕಡೆ ತಿರುಗಿ, "ನಂದೊಂದ್ ಫೋಟೋ ತಗಿ. ನನ್ನ ಹಿಂದ ನೀರ ಕಾಣಬೇಕ ನೋಡು" ಅಂದರು. ಎಪ್ಪತ್ತು ದಾಟಿದ ಅವರು ಹೀಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ತೆಗೆದು ತೋರಿಸಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದನ್ನ ಇಟ್ಟುಕೋ. ನಾ ಸತ್ತ ಮ್ಯಾಲ ಆ ಆಧಾರ ಕಾರ್ಡಿನ ಫೋಟೋ ದೊಡ್ಡದ ಮಾಡಿ ಗ್ವಾಡಿಗಿ ಹಾಕಬ್ಯಾಡ್ರಿ, ಕಳ್ಳರಗತೆ ಕಾಣ್ತೀನಿ ಅದರಾಗ" ಎಂದರು. ನಾನು ನಗಬೇಕೋ ಅಳಬೇಕೋ ತಿಳಿಯದೆ, "ಇದನ್ನ ಈಗ ಹಾಕೂಣು ತಗೋರ್ರಿ ಅತ್ತಿ, ಕಾಯೂದ್ ಯಾಕ?" ಅಂದೆ. ಮರುದಿನವೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದೆ. ಈಗ ಅದು ನಡುಮನೆಯಲ್ಲಿದೆ. ಹಾರ ಇಲ್ಲದ, ನಗುವ ಫೋಟೋ.

ಭೂತನಾಳಕ್ಕೆ ಸಂಜೆ ಐದರ ಹೊತ್ತಿಗೆ ತಲುಪುವಂತೆ ಹೊರಡಿ. ಸೂರ್ಯ ನೀರಿನ ಆಚೆ ಇಳಿಯುವಂಥ ಜಾಗ ನೋಡಿ ನಿಲ್ಲಿ. ಮುಖ ಕಾಣಬೇಕಾದರೆ ಸೂರ್ಯ ಪೂರ್ತಿ ಮುಳುಗುವ ಮೊದಲೇ, ಪಕ್ಕದಿಂದ ಬೆಳಕು ಬೀಳುವಂತೆ ತೆಗೆಯಿರಿ. ಸೂರ್ಯನ ಎದುರು ತೆಗೆದರೆ ಬರೀ ಕಪ್ಪು ಆಕಾರ ಬರುತ್ತದೆ. ನವದಂಪತಿಗಳಿಗೆ ಅದು ಚೆಂದ, ಅತ್ತೆಯವರಿಗಲ್ಲ. ನೀರಿನ ಅಂಚಿನಲ್ಲಿ ಪಾಚಿ ಜಾರುತ್ತದೆ. ಕೆರೆಗೆ ಬೆನ್ನು ಮಾಡಿ ಮೊಬೈಲ್ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುವ ಹುಡುಗರನ್ನು ಗದರಿಸಿ ಈಚೆ ಕರೆಯಿರಿ, ಅವರು ಸಿಟ್ಟಾದರೂ ಚಿಂತೆಯಿಲ್ಲ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಸಾಕು, ಎಣ್ಣೆಗಾಯಿ ಚೆಲ್ಲಿ ಸೀರೆ ಕೆಡುತ್ತದೆ. ಹೋದ ಆಟೋದವರನ್ನೇ ಕಾಯಲು ಹೇಳಿ, ಬಾಡಿಗೆ ಹೋಗಿಬರುವ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಳ್ಳಿ. ಕತ್ತಲಾದ ಮೇಲೆ ಆ ಕಡೆಯಿಂದ ಆಟೋ ಸಿಗುವುದು ಕಷ್ಟ.