ಖೋ ಸಿಗುವ ಮುನ್ನ

2025ರ ಜನವರಿಯಲ್ಲಿ ದೆಹಲಿಯಲ್ಲಿ ಜರುಗಿದ ಪ್ರಥಮ ಖೋ-ಖೋ ವಿಶ್ವಕಪ್ ಪಂದ್ಯಾವಳಿಯಲ್ಲಿ ಪುರುಷರ ಹಾಗೂ ಮಹಿಳೆಯರ ಎರಡೂ ವಿಭಾಗಗಳಲ್ಲಿ ಭಾರತವೇ ವಿಜಯಿಯಾದುದನ್ನು ವಾಚಕರು ಬಲ್ಲರು. ಕರ್ನಾಟಕದ ಗೌತಮ್ ಹಾಗೂ ಚೈತ್ರಾ ಆ ತಂಡಗಳಲ್ಲಿದ್ದರು. ಚಳ್ಳಕೆರೆಯ ನಮ್ಮ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತಿದ್ದಾಗ ಮೊಮ್ಮಗನು, "ತಾತ, ನೀವೂ ಕಾಲೇಜು ತಂಡದಲ್ಲಿದ್ದಿರಂತೆ, ನಿಜವೇ?" ಎಂದು ಕೇಳಿದನು. ಹೌದೆಂದೆ. ಆ ‘ಹೌದು’ ಎಂಬುದರ ತೂಕವೆಷ್ಟು ಎಂಬುದನ್ನು ಇಲ್ಲಿ ನಿವೇದಿಸಬಯಸುತ್ತೇನೆ.

ಅದು 1979ನೆಯ ಇಸವಿ. ಚಿತ್ರದುರ್ಗದ ಕಾಲೇಜೊಂದರಲ್ಲಿ ಬಿ.ಕಾಂ. ಅಂತಿಮ ವರ್ಷದಲ್ಲಿದ್ದೆ. ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1987ರಲ್ಲಿ. ನಮ್ಮ ಕಾಲಕ್ಕೆ ಜಿಲ್ಲೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನಮ್ಮ ತಂದೆಯವರದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ವ್ಯಾಪಾರ. ಶಾಲಾದಿನಗಳಲ್ಲಿ ನಾನು ಮೈದಾನದ ಕಡೆಗೆ ತಲೆ ಹಾಕಿದವನಲ್ಲ. ಕಾಲೇಜಿನ ತಂಡಕ್ಕಾದರೋ ಪ್ರೌಢಶಾಲೆಯಲ್ಲಿ ತಾಲ್ಲೂಕು, ಜಿಲ್ಲೆಯ ಮಟ್ಟದಲ್ಲಿ ಆಡಿ ಬಂದವರನ್ನು ಮೊದಲ ವರ್ಷದಲ್ಲಿಯೇ ಆರಿಸಿಕೊಳ್ಳುತ್ತಿದ್ದರು. ಮೂರನೆಯ ವರ್ಷದಲ್ಲಿ, ಯಾರೂ ಕರೆಯದೆ, ಒಂದು ಸಂಜೆ ನಾನಾಗಿಯೇ ಹೋಗಿ ಗೆರೆಯಾಚೆ ನಿಂತೆ. ಏಕೆಂದು ಇಂದಿಗೂ ಸರಿಯಾಗಿ ಹೇಳಲಾರೆ. ಲೆಕ್ಕದ ಪುಸ್ತಕಗಳಿಂದ ಬೇಸತ್ತಿದ್ದೆನೆಂದು ಕಾಣುತ್ತದೆ.

ಮೊದಲ ತಿಂಗಳು ಸುಣ್ಣದ ಗೆರೆ ಹಾಕಿದೆ, ನೀರು ಹೊತ್ತೆ. ಯಾರಾದರೂ ಬಾರದ ದಿನ ಅವರ ಚೌಕದಲ್ಲಿ ಕುಳಿತೆ. ರಾತ್ರಿಭೋಜನ ನಮಗೆ ವರ್ಜ್ಯ. ಅಭ್ಯಾಸ ಮುಗಿಯುವುದು ಕತ್ತಲಾದ ಮೇಲೆ. ಆದುದರಿಂದ ಐದೂವರೆಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು, ತುಂಬಿದ ಹೊಟ್ಟೆಯಲ್ಲಿಯೇ ಓಡುತ್ತಿದ್ದೆ. ಪಕ್ಕೆ ಹಿಡಿದುಕೊಳ್ಳುತ್ತಿತ್ತು, ಹುಡುಗರು ನಗುತ್ತಿದ್ದರು. ನಗದಿದ್ದವನು ಮೊಳಕಾಲ್ಮೂರಿನ ನೇಕಾರರ ಮನೆಯ ಒಬ್ಬ ಹುಡುಗ. ತುದಿಗಾಲಿನಲ್ಲಿ ಕೂರುವುದನ್ನೂ, ಕಂಬದ ಬಳಿ ಮೈ ಬಾಗಿಸಿ ತಿರುಗುವುದನ್ನೂ ನನಗೆ ಕಲಿಸಿದವನು ಅವನೇ.

ಅಂತರ ಕಾಲೇಜು ಪಂದ್ಯಗಳಿಗೆ ಹನ್ನೆರಡು ಹೆಸರುಗಳ ಪಟ್ಟಿ ಹೊರಬಿದ್ದಿತು. ಹನ್ನೆರಡನೆಯದು ನನ್ನದು. ಅವನ ಹೆಸರಿರಲಿಲ್ಲ. ನಾಲ್ಕು ತಿಂಗಳ ಶ್ರಮಕ್ಕೆ ದೊರೆತ ಫಲವೆಂದೇ ಹಿಗ್ಗಿದೆ. ಮುಂದಿನ ಶನಿವಾರ ವ್ಯಾಪಾರದ ನಿಮಿತ್ತ ದುರ್ಗಕ್ಕೆ ಬಂದ ತಂದೆಯವರು ಮೈದಾನದಲ್ಲಿ ನನ್ನನ್ನು ಕಂಡು, "ಬನಿಯನ್ ಬಟ್ಟೆ ಚೆನ್ನಾಗಿದೆಯೇನಪ್ಪಾ? ಹನ್ನೆರಡಕ್ಕೂ ನಾನೇ ಕೊಟ್ಟೆ" ಎಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ಯಾರೋ ಕೇಳಿದ್ದರು, ಇವರು ಕೊಟ್ಟಿದ್ದರು. ಅಂಗಡಿಯ ಪುಸ್ತಕದಲ್ಲಿ ಅದು ಧರ್ಮದ ಖರ್ಚು. ಆದರೆ ಆ ಖರ್ಚು ನಿಜವಾಗಿ ಯಾರ ಲೆಕ್ಕಕ್ಕೆ ಬಿದ್ದಿತ್ತು?

ನಾನು ಏನು ಮಾಡಿದೆನೆಂದು ಕೇಳುವಿರಿ. ಏನೂ ಮಾಡಲಿಲ್ಲ. ಬನಿಯನ್ ತೊಟ್ಟೆ. ಮೊದಲ ಪಂದ್ಯವಿಡೀ ಹೊರಗೆ ಕುಳಿತಿದ್ದೆ. ಎರಡನೆಯದರ ಕೊನೆಯಲ್ಲಿ ಒಬ್ಬನ ಕಾಲು ಉಳುಕಿದ್ದರಿಂದ ನನ್ನನ್ನು ಇಳಿಸಿದರು. ಈ ಆಟದಲ್ಲಿ ಎಂಟು ಜನ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖಮಾಡಿ ಕೂರುತ್ತಾರೆ, ಒಂಬತ್ತನೆಯವನು ಬೆನ್ನಟ್ಟುತ್ತಾನೆ. ಬೆನ್ನಟ್ಟುವವನು ಹಿಂದಿನಿಂದ ಮುಟ್ಟಿ ‘ಖೋ’ ಎನ್ನದೆ ಕುಳಿತವನು ಏಳುವಂತಿಲ್ಲ. ಎದುರಾಳಿ ಕೈಯಳತೆಯಲ್ಲಿ ಹಾದುಹೋದಾಗ ನಾನು ಎದ್ದುಬಿಟ್ಟೆ. ಸೀಟಿ ಊದಿದರು. ಬಹಳ ಅಂಕಗಳಿಂದ ಸೋತ ಪಂದ್ಯವದು. ನನ್ನ ತಪ್ಪನ್ನು ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಮುಂದೆ ತತ್ತ್ವಾರ್ಥಸೂತ್ರವನ್ನು ಅಭ್ಯಸಿಸುವಾಗ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಆಚಾರ್ಯ ಉಮಾಸ್ವಾಮಿಗಳು ನಿರೂಪಿಸಿರುವಲ್ಲಿಗೆ ಬಂದಾಗ ನನಗೆ ಕೇಳಿಸಿದ್ದು ಆ ಸೀಟಿಯೇ.

ನಮ್ಮ ಮನೆಯಲ್ಲಿ ರೇಷ್ಮೆ ಉಡುವ ರೂಢಿಯಿಲ್ಲವಾದ್ದರಿಂದ ಸೀರೆಗಾಗಿ ಮೊಳಕಾಲ್ಮೂರಿಗೆ ಹೋದವನಲ್ಲ. 2006ರಲ್ಲಿ ಆ ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು, ಬಿ.ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದುದನ್ನು, ನೋಡಲು ಹೋಗಿದ್ದೆ. ಹಿಂದಿರುಗುವಾಗ ಊರಿನಲ್ಲಿ ವಿಚಾರಿಸಿ ಅವನ ಮನೆಗೆ ಹೋದೆ. ಗುಂಡಿಮಗ್ಗದಲ್ಲಿ ಕುಳಿತಿದ್ದ. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ.

"ಗೊತ್ತಿತ್ತು ಸಾಹುಕಾರ್ರೇ," ಎಂದ. "ನಿಮ್ಮ ತಂದೆಯವರು ಕೇಳಿದಾಗ ನಾನು ಹಿಂದೇನೇ ನಿಂತಿದ್ದೆ."

ಕಾಲೇಜಿನಲ್ಲಿ ಅವನು ನನ್ನನ್ನು ‘ಏನೋ’ ಎಂದೇ ಕರೆಯುತ್ತಿದ್ದವನು.

ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲವೆಂದು ನನಗೆ ತಿಳಿದಿತ್ತು. ಅದನ್ನೂ ಕೇಳಿದೆ. "ಅದಕ್ಕಲ್ಲ, ಮನೆಯಲ್ಲಿ ಮಗ್ಗಕ್ಕೆ ಆಳಿರಲಿಲ್ಲ" ಎಂದು ಲಾಳಿಯನ್ನು ಕೈಗೆತ್ತಿಕೊಂಡ. ನನ್ನ ಸಮಾಧಾನಕ್ಕಾಗಿ ಹೇಳಿದನೋ, ಇದ್ದುದನ್ನೇ ಹೇಳಿದನೋ! ಮಜ್ಜಿಗೆ ಕೊಟ್ಟರು, ಕುಡಿದು ಬಂದೆ.

ಈಚೆಗೆ ಮೊಮ್ಮಗನ ಶಾಲೆಯಿಂದ, ಕ್ರೀಡಾತಂಡಕ್ಕೆ ಸಮವಸ್ತ್ರ ಕೊಡಿಸಬೇಕೆಂದು ಪತ್ರ ಬಂದಿತು. ಅವನಿಗೂ ಆ ತಂಡ ಸೇರುವ ಆಸೆಯಿದೆ. ಆಯ್ಕೆಯ ಪಟ್ಟಿಯನ್ನು ಮೊದಲು ಫಲಕಕ್ಕೆ ಹಾಕಿರಿ, ಬಟ್ಟೆಯ ಮಾತು ಅನಂತರ ಆಗಲಿ, ದಾನಿಯ ಹೆಸರು ಎಲ್ಲಿಯೂ ಬೇಡ ಎಂದು ಉತ್ತರ ಬರೆದಿದ್ದೇನೆ. ಇದು ಅವಿನಯವೆಂದು ಮಗನು ಅಸಮಾಧಾನಗೊಂಡಿದ್ದಾನೆ. ಪಟ್ಟಿ ಇನ್ನೂ ಬಂದಿಲ್ಲ.