ಬ್ಯಾಟರಿ ಬದಲಿಸುವ ಮುಂಚೆ ಒಂದು ಮೀಟರ್ ಕೊಳ್ಳಿ

ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ಒಂದೇ: "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿಬಿಡಿ." ಅಳೆದು ನೋಡಿ ಹೇಳುವವರು ಕಡಿಮೆ. ಅಳೆಯುವ ಸಾಧನವೇನೂ ದೊಡ್ಡದಲ್ಲ, ಅಂಗೈಯಗಲದ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹಳದಿ ಬಣ್ಣದ ಚಿಕ್ಕ ಮೀಟರ್ 200-300 ರೂಪಾಯಿಗೆ ಸಿಗುತ್ತದೆ. ದೊಡ್ಡ ಹೆಸರಿನ ಕಂಪನಿಯದು ಬೇಕೆಂದರೆ ಹೊಸ ಬ್ಯಾಟರಿಯ ದುಡ್ಡೇ ಬೇಕಾಗುತ್ತದೆ. ಇವೆರಡರ ನಡುವೆ, ಸ್ವಂತ ಗಾಡಿಯನ್ನು ತಾವೇ ಸ್ವಲ್ಪ ನೋಡಿಕೊಳ್ಳುವವರು ಯಾವುದನ್ನು ಕೊಳ್ಳಬೇಕು? ನನಗೆ ಇದು ಮುಖ್ಯವಾದದ್ದು ಚಿಕ್ಕಪ್ಪನ ಓಮ್ನಿಯಿಂದ.

ಚಿಕ್ಕಪ್ಪನದು ಹಿಂದಿನ ಸೀಟು ತೆಗೆದ ಹಳೇ ಗಾಡಿ. ತಮ್ಮ ತೋಟದ ಟೊಮೆಟೊ ಬಾಕ್ಸುಗಳನ್ನು ಅದರಲ್ಲೇ ಕೋಲಾರದ ಎಪಿಎಂಸಿಗೆ ಸಾಗಿಸುತ್ತಾರೆ. ಒಂದು ಬೆಳಗ್ಗೆ ಗಾಡಿ ಕೈಕೊಟ್ಟರೆ ಹರಾಜು ತಪ್ಪುತ್ತದೆ. ಮರುದಿನ ರೇಟು ಏನಿರುತ್ತದೋ ದೇವರಿಗೇ ಗೊತ್ತು, ಕೊಯ್ದ ಹಣ್ಣಂತೂ ಕಾಯುವುದಿಲ್ಲ. ಬ್ಯಾಟರಿ ಹಾಕಿಸಿ ಎಂಟು ತಿಂಗಳಾಗಿತ್ತು. ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ತಳ್ಳಿ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಒಯ್ದರೆ ಮತ್ತೆ ಬ್ಯಾಟರಿಯದ್ದೇ ಮಾತು. ಚಿಕ್ಕಪ್ಪ ದುಡ್ಡು ಹೊಂದಿಸಲು ಹೊರಟಿದ್ದರು.

"ಚಿಕ್ಕಪ್ಪಾ, ಒಂದು ದಿನ ತಡೀರಿ, ನಾನು ನೋಡ್ತೀನಿ" ಅಂದೆ.

"ನೀನೇನು ನೋಡ್ತೀಯ, ಪೇಪರ್ ಓದ್ಕೊಂಡಿರೋನು" ಅಂತ ನಕ್ಕರು. ಆದರೂ ತಡೆದರು.

ಮರುದಿನ ಬೆಳಗ್ಗೆ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಮೇಲಿಟ್ಟೆ. 12.5 ವೋಲ್ಟ್. ರಾತ್ರಿಯಿಡೀ ನಿಂತ ಬ್ಯಾಟರಿಗೆ ಇದು ಒಳ್ಳೆಯ ಅಂಕಿ. ಚಿಕ್ಕಪ್ಪ ಸೆಲ್ಫ್ ಹೊಡೆದಾಗ 11.6ರ ಕೆಳಗೆ ಇಳಿಯಲಿಲ್ಲ. ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಸೆಲ್ಫ್ ಮೋಟಾರಿಗೆ ತಲುಪುತ್ತಿಲ್ಲ. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ನಿನ ಬರಿ ಕಬ್ಬಿಣದ ಮೇಲೆ ಇಟ್ಟು ಮತ್ತೆ ಸೆಲ್ಫ್ ಹೊಡೆಸಿದೆ. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಬಂದದ್ದು 3 ವೋಲ್ಟ್. ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿದರೆ ತುಕ್ಕು, ಹಸಿರು ಪುಡಿ. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಗಾಡಿ ಒಂದೇ ಸಲಕ್ಕೆ ಎದ್ದಿತು.

ಗ್ಯಾರೇಜಿನವರು ಮೋಸಗಾರರು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಅವರು ಅಂದಾಜಿನಲ್ಲಿ ಹೇಳಿದರು, ಹತ್ತರಲ್ಲಿ ಕೆಲವು ಸಲ ಆ ಅಂದಾಜು ಸರಿಯೂ ಇರುತ್ತದೆ. ಆದರೆ ಅಂದಾಜು ತಪ್ಪಿದಾಗ ದುಡ್ಡು ಹೋಗುವುದು ಗಾಡಿಯವನದು. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ್ದೂ ಇದನ್ನೇ: ಯಾರೋ ಹೇಳಿದರು ಅಂತ ಬರೆಯಬೇಡ, ಹೋಗಿ ನೋಡು.

ಈಗ ಯಾವ ಮೀಟರ್ ಅನ್ನುವ ಮಾತಿಗೆ ಬರೋಣ. ಕಾರಿನ ಕೆಲಸಕ್ಕೆ ಬೇಕಾದದ್ದು ನಾಲ್ಕೇ ಸಂಗತಿ.

ಮೊದಲನೆಯದು, ಡಿಸಿ ವೋಲ್ಟಿನಲ್ಲಿ 20ರ ರೇಂಜ್. ಕಾರಿನ ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ. ರೇಂಜನ್ನು ತಾನೇ ಆರಿಸಿಕೊಳ್ಳುವ ಆಟೋ ಮೀಟರ್ ಇದ್ದರೆ ಸುಲಭ, ಇಲ್ಲದಿದ್ದರೂ ನಷ್ಟವಿಲ್ಲ.

ಎರಡನೆಯದು, ಬೀಪ್ ಸದ್ದು. ವೈರು ಒಳಗೆ ಕಡಿದಿದೆಯೋ, ಫ್ಯೂಸ್ ಸುಟ್ಟಿದೆಯೋ ಅಂತ ನೋಡಲು ಇದು ಬೇಕು. ಗಾಡಿಯ ಕೆಳಗೆ ಮಲಗಿ ಕೈಯಲ್ಲಿ ಕಡ್ಡಿ ಹಿಡಿದವರಿಗೆ ಪರದೆ ನೋಡಲು ಆಗುವುದಿಲ್ಲ, ಕಿವಿಯೇ ಗತಿ. ತೀರಾ ಅಗ್ಗದ ಕೆಲವು ಮೀಟರುಗಳಲ್ಲಿ ಬೀಪ್ ಇರುವುದಿಲ್ಲ, ಕೇಳಿ ಕೊಳ್ಳಿ.

ಮೂರನೆಯದು, 10 ಆಂಪಿಯರ್ ಅಳೆಯುವ ತೂತು, ಅದಕ್ಕೊಂದು ಫ್ಯೂಸ್. ನಿಂತ ಗಾಡಿ ರಾತ್ರಿಯಲ್ಲಿ ಕರೆಂಟು ತಿನ್ನುತ್ತಿದೆಯೇ ಅಂತ ಇದರಿಂದ ಗೊತ್ತಾಗುತ್ತದೆ. ಎಲ್ಲ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಸಾಮಾನ್ಯವಾಗಿ 0.05 ಆಂಪಿಯರ್ ಒಳಗಿರಬೇಕು. ಅಗ್ಗದ ಮೀಟರುಗಳ ಈ ತೂತಿಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ. ತೂತಿನ ಪಕ್ಕದಲ್ಲಿ ಅನ್‌ಫ್ಯೂಸ್ಡ್ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಅದನ್ನು ಅಲ್ಲೇ ಬಿಡಿ.

ನಾಲ್ಕನೆಯದು, ಗಟ್ಟಿ ಲೀಡ್. ಹೆಚ್ಚಾಗಿ ಮೀಟರಿಗಿಂತ ಮೊದಲು ಸಾಯುವುದು ಅದರ ವೈರು, ಅದೂ ಕಡ್ಡಿ ಸೇರುವ ಜಾಗದಲ್ಲಿ. ಮೆತ್ತಗೆ ಬಾಗುವ ಸಿಲಿಕಾನ್ ವೈರು ಬಿಸಿ ಇಂಜಿನ್ನಿಗೆ ತಾಗಿದರೂ ಬೇಗ ಕರಗುವುದಿಲ್ಲ. ಮೊಸಳೆ ಕ್ಲಿಪ್ಪಿನ ಒಂದು ಜೊತೆ ಸೇರಿಸಿಕೊಂಡರೆ ಒಬ್ಬರೇ ಕೆಲಸ ಮಾಡಬಹುದು.

ಇದರ ಜೊತೆ ಹಳ್ಳಿಯವರು ಕೇಳಬೇಕಾದ ಇನ್ನೊಂದು ಪ್ರಶ್ನೆ: ಒಳಗಿನ ಸೆಲ್ ಯಾವುದು? ಚೌಕಾಕಾರದ 9 ವೋಲ್ಟ್ ಬ್ಯಾಟರಿ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ, ಟಿವಿ ರಿಮೋಟಿನ ಸೆಲ್ ಎಲ್ಲ ಕಡೆ ಸಿಗುತ್ತದೆ. ಇದು ಸಣ್ಣ ವಿಷಯವಲ್ಲ. ಒಳಗಿನ ಸೆಲ್ ಇಳಿದಾಗ ಅಗ್ಗದ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ವೋಲ್ಟ್ ತೋರಿಸಬಹುದು. ಸತ್ತ ಬ್ಯಾಟರಿಯೂ ಆಗ ಚೆನ್ನಾಗಿ ಕಾಣುತ್ತದೆ. ಪರದೆಯ ಮೇಲೆ ಬ್ಯಾಟರಿ ಚಿತ್ರ ಬಂದರೆ ಆ ಅಂಕಿ ನಂಬಬೇಡಿ.

ಹೆಸರು ನೋಡಿ ಮರುಳಾಗುವ ಅಗತ್ಯವೂ ಇಲ್ಲ. ಅಮೆರಿಕದ ಫ್ಲೂಕ್ ಕಂಪನಿಯ 101 ಅನ್ನುವ ಮೀಟರ್ ಬಹಳ ಗಟ್ಟಿ, ಆದರೆ ಅದರಲ್ಲಿ ಆಂಪಿಯರ್ ಅಳೆಯುವ ಸೌಲಭ್ಯವೇ ಇಲ್ಲ. ಮೆಕೊ, ನಾಸಿಕದ ರಿಷಭ್, ಮೋಟ್ವಾನೆಯಂಥ ನಮ್ಮ ದೇಶದ ಕಂಪನಿಗಳೂ ಮೀಟರ್ ಮಾಡುತ್ತವೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ, ಕೈಯಲ್ಲಿ ಹಿಡಿದು ನೋಡಿ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ ಸುಲಭ. ಬೀಪಿಗೆ ತಿರುಗಿಸಿ ಎರಡು ಕಡ್ಡಿ ಮುಟ್ಟಿಸಿ, ಸದ್ದು ತಕ್ಷಣ ಬರಬೇಕು. ಮುಟ್ಟಿಸಿಕೊಂಡೇ ವೈರನ್ನು ಅಲ್ಲಾಡಿಸಿ, ಸದ್ದು ಕಡಿಯಬಾರದು. ಹೊಸ ರಿಮೋಟ್ ಸೆಲ್ ಅಳೆಯಿರಿ, 1.5ರಿಂದ 1.6ರೊಳಗೆ ಬರಬೇಕು. ತಿರುಗಿಸುವ ಗುಂಡಿ ಪ್ರತಿ ಮನೆಯಲ್ಲೂ ಟಕ್ಕೆಂದು ಕೂರಬೇಕು. ಸುತ್ತ ರಬ್ಬರ್ ಕವಚ ಇದ್ದರೆ ಕೈಜಾರಿ ಬಿದ್ದರೂ ಉಳಿಯುತ್ತದೆ.

ಇನ್ನು ಜೀವದ ವಿಷಯ. ಹಳ್ಳಿಯಲ್ಲಿ ಒಂದು ಮೀಟರ್ ಬಂತೆಂದರೆ ಅದು ಕಾರಿನ ಹತ್ತಿರವೇ ಉಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಯಾರಾದರೂ ಬೋರ್‌ವೆಲ್ಲಿನ ಸ್ಟಾರ್ಟರ್ ಬಾಕ್ಸಿಗೆ ಒಯ್ಯುತ್ತಾರೆ. ಕಾರಿನದು 12 ವೋಲ್ಟ್, ತ್ರೀಫೇಸಿನದು 415. ಅಗ್ಗದ ಮೀಟರಿನ ಮೇಲೆ 1000 ವೋಲ್ಟ್ ಅಂತ ಅಚ್ಚಾಗಿದ್ದರೂ ನಂಬಿ ಹಿಡಿಯಬೇಡಿ. ಪಂಪ್‌ಸೆಟ್ಟಿಗೂ ಬಳಸುವುದು ಖಚಿತವಿದ್ದರೆ ಕ್ಯಾಟ್-3, 600 ವೋಲ್ಟ್ ಗುರುತಿರುವ, ನಂಬಿಕಸ್ಥ ಕಂಪನಿಯ ಮೀಟರನ್ನೇ ಕೊಳ್ಳಿ, ಕೆಲಸವನ್ನು ಬಲ್ಲವರಿಂದಲೇ ಮಾಡಿಸಿ. ಹೆಚ್ಚು ದುಡ್ಡು ಕೊಡಲು ನಿಜವಾದ ಕಾರಣ ಇದೊಂದೇ.

ಕಾರಿನಲ್ಲೂ ಮೂರು ಎಚ್ಚರಿಕೆ. ಕೆಂಪು ಲೀಡ್ 10 ಆಂಪಿಯರ್ ತೂತಿನಲ್ಲಿರುವಾಗ ಬ್ಯಾಟರಿಯ ಎರಡು ತುದಿಗೆ ಕಡ್ಡಿ ಇಡಬಾರದು, ಅದು ನೇರ ಶಾರ್ಟ್. ಆಂಪಿಯರ್ ಅಳೆಯುವಾಗ ಸೆಲ್ಫ್ ಹೊಡೆಯಬಾರದು, ಸೆಲ್ಫ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬಲ್ಲದು. ಏರ್‌ಬ್ಯಾಗಿನ ವೈರುಗಳನ್ನು ಮುಟ್ಟಲೇಬಾರದು, ಅವು ಹೆಚ್ಚಾಗಿ ಹಳದಿ ಕವಚದಲ್ಲಿರುತ್ತವೆ. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಯ ತಂಟೆಗಂತೂ ಹೋಗಬೇಡಿ.

ಮೀಟರ್ ತಂದ ಮೇಲೆ ಈ ಅಂಕಿಗಳನ್ನು ಅದರ ಹಿಂಬದಿಗೆ ಬರೆದು ಅಂಟಿಸಿ. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ಬಂದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿಯಾಗುತ್ತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಆಸುಪಾಸು ಬರಬೇಕು. ಇಂಜಿನ್ ಓಡುತ್ತಿದ್ದರೂ 12ರಲ್ಲೇ ನಿಂತರೆ ಡೈನಮೋ ಕಡೆ ನೋಡಿ. 15 ದಾಟಿದರೆ ಚಾರ್ಜ್ ಅತಿಯಾಗುತ್ತಿದೆ, ಹೊಸ ಬ್ಯಾಟರಿ ಹಾಕಿದರೂ ಕೆಡುತ್ತದೆ.

ಎಲ್ಲರೂ ಮೆಕ್ಯಾನಿಕ್ ಆಗಬೇಕಿಲ್ಲ. ಮೀಟರ್ ಕೊಳ್ಳಲು ಆಗದವರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಯಾರಾದರೂ ಬ್ಯಾಟರಿ ಹೋಗಿದೆ ಅಂದಾಗ, ಜಗಳವಿಲ್ಲದೆ, ಮೆತ್ತಗೆ ಕೇಳಿ: "ಎಷ್ಟು ವೋಲ್ಟ್ ಬಂತಣ್ಣ?"