ಡಿಸ್ಕ್ ಟಿಕ್ ಟಿಕ್ ಎಂದಾಗ

ಮದುವೆಯ ಫೋಟೋ, ಮಗುವಿನ ವಿಡಿಯೊ ಎಲ್ಲ ತುಂಬಿಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಕಂಪ್ಯೂಟರಿನಲ್ಲಿ ಕಾಣಿಸುವುದಿಲ್ಲ. ಎದೆ ಧಸಕ್ಕೆನ್ನುತ್ತದೆ. ಆದರೆ ಎಷ್ಟೋ ಸಲ ತಪ್ಪು ಡಿಸ್ಕಿನದಲ್ಲ, ಕೇಬಲ್ಲಿನದು, ಇಲ್ಲವೇ ಸಾಲದ ಕರೆಂಟಿನದು. ಯುಎಸ್‌ಬಿ 2.0 ಪೋರ್ಟ್ ಕೊಡುವ ಕರೆಂಟು 500 ಮಿಲಿಆಂಪಿಯರ್, 3.0 ಪೋರ್ಟಿನದು 900. ಹಬ್ ತೆಗೆದು, ಬೇರೆ ಗಿಡ್ಡ ಕೇಬಲ್ಲಿನಿಂದ ನೇರವಾಗಿ ಸಿಕ್ಕಿಸಿದರೆ ಕೆಲವು ಡಿಸ್ಕುಗಳು ಅಲ್ಲೇ ಎದ್ದು ಕೂರುತ್ತವೆ.

ಸದ್ದು ಬಂದರೆ ಮಾತು ಬೇರೆ.

ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತದೆ. ಒಂದೇ ಸಮನೆ ಟಿಕ್ ಟಿಕ್ ಎಂದರೆ, ಹೆಡ್ ಗುರುತು ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಬಂದು ಹುಡುಕುತ್ತಿರಬಹುದು. ಆ ಕ್ಷಣವೇ ಕಿತ್ತಿಡುವುದು ಕ್ಷೇಮ. ಫ್ರೀಜರಿನಲ್ಲಿಡುವ ಹಳೆಯ ಸಲಹೆಯಂತೂ ಬೇಡವೇ ಬೇಡ. ತಟ್ಟೆಯ ಮೇಲೆ ತೇವ ಕೂತರೆ ಉಳಿದದ್ದೂ ಹೋದೀತು.

ಸದ್ದಿಲ್ಲ, ಬರೀ ನಿಧಾನ ಎನ್ನುವ ಡಿಸ್ಕನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ತೆರೆದರೆ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ ಸಿಗುತ್ತದೆ. ಅದು ಏರುತ್ತಿದ್ದರೆ ವಿಂಡೋಸ್ ಕೇಳುವ ‘ಫಾರ್ಮ್ಯಾಟ್’ ಗುಂಡಿಯನ್ನಾಗಲಿ ಚೆಕ್‌ಡಿಸ್ಕ್ ರಿಪೇರಿಯನ್ನಾಗಲಿ ಮುಟ್ಟಬಾರದು: ಎರಡೂ ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತವೆ. ಇಂಥ ಡಿಸ್ಕಿನಲ್ಲಿರುವುದನ್ನು ಉಳಿಸಿಕೊಳ್ಳಲು ಲಿನಕ್ಸಿನ ಡಿಡಿರೆಸ್ಕ್ಯೂ ಜಾಣ ಸಾಧನ. ಅದು ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ನಕಲಿಸಿ, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಸಬಹುದು.